ಕಿರೀಟವೂ ಕಾಲೇಜಿನ ಶುಲ್ಕವೂ



ಹೆಣ್ಣುಮಕ್ಕಳ ಓದಿಗೆ ಹಣ ಒದಗಿಸುವುದು ಒಂದು ಕೆಲಸ. ಹೆಣ್ಣುಮಕ್ಕಳನ್ನು ವೇದಿಕೆಗೆ ತಂದು ನಾಲ್ಕು ಜನರ ಮುಂದೆ ಧೈರ್ಯವಾಗಿ ನಿಲ್ಲಿಸುವುದು ಮತ್ತೊಂದು ಕೆಲಸ. ಎರಡೂ ಒಳ್ಳೆಯ ಕೆಲಸಗಳೇ. ಆದರೆ ಇವೆರಡಕ್ಕೂ ಗಂಟು ಹಾಕಿ, 'ವೇದಿಕೆಯ ಮೇಲೆ ಗೆದ್ದವಳಿಗೇ ಓದಿನ ಹಣ' ಎಂದು ಸಾರುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಮಾರ್ಗವಲ್ಲ. ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇಷ್ಟೇ. ಏಕೆ ಹಾಗೆ ಹೇಳುತ್ತೇನೆ ಎಂಬುದನ್ನು ಸಾವಕಾಶವಾಗಿ ವಿವರಿಸುತ್ತೇನೆ.

ಈ ವಿಷಯ ಈಗ ಬರೆಯಲು ಕಾರಣವಿದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದಲ್ಲಿ ನೆಲೆಸಿದ್ದಾನೆ. ಅವನಿರುವ ಸಣ್ಣ ಊರಿನಲ್ಲಿ ಪ್ರತಿವರ್ಷ ತರುಣಿಯರಿಗಾಗಿ ಒಂದು ಸ್ಪರ್ಧೆ ನಡೆಯುತ್ತದಂತೆ. ಹಾಡು, ನೃತ್ಯ, ಭಾಷಣ, ಉಡುಗೆ ತೊಡುಗೆ, ಪ್ರಶ್ನೋತ್ತರ ಎಲ್ಲ ಮುಗಿದ ಮೇಲೆ ಗೆದ್ದವಳ ತಲೆಗೆ ಕಿರೀಟ, ಕೈಗೆ ವಿದ್ಯಾರ್ಥಿವೇತನ. 'ಟೀಚರ್, ನಮ್ಮ ಬಳ್ಳಾರಿಯಲ್ಲೂ ಅಂಥದ್ದೊಂದು ಮಾಡೋಣ. ಸಿರುಗುಪ್ಪ, ಕುರುಗೋಡುಗಳ ಹುಡುಗಿಯರನ್ನೂ ಕರೆಯೋಣ. ಹಣ ನಾನು ಕಳಿಸುತ್ತೇನೆ, ನಿರ್ದೇಶನ ನಿಮ್ಮದು' ಎಂದು ಬರೆದಿದ್ದಾನೆ. ಅವನ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ತಾನು ಕಲಿತ ಊರಿಗೆ ಏನಾದರೂ ಮಾಡಬೇಕೆಂಬ ಹಂಬಲ ಎಷ್ಟು ಜನರಿಗಿರುತ್ತದೆ? ನಿಮ್ಮಲ್ಲಿ ಬೇರೆ ಕೆಲವರೂ ಇಂಥದ್ದೇ ಆಲೋಚನೆಯನ್ನು ಆಗಾಗ ನನ್ನ ಮುಂದಿಟ್ಟಿದ್ದೀರಿ. ಆದ್ದರಿಂದ ಒಬ್ಬನಿಗೆ ಉತ್ತರ ಬರೆಯುವ ಬದಲು ಎಲ್ಲರಿಗೂ ಬರೆಯುತ್ತಿದ್ದೇನೆ.

ಮೊದಲು ಆ ದೇಶದ ಕಥೆಯನ್ನೇ ನೋಡೋಣ. 'ಮಿಸ್ ಅಮೆರಿಕ' ಸ್ಪರ್ಧೆ ಆರಂಭವಾದದ್ದು 1921ರಲ್ಲಿ, ಅಟ್ಲಾಂಟಿಕ್ ಸಿಟಿ ಎಂಬ ಕಡಲತೀರದ ಊರಿನಲ್ಲಿ. ಬೇಸಿಗೆ ಮುಗಿದರೂ ಪ್ರವಾಸಿಗರು ಊರು ಬಿಡದಿರಲಿ ಎಂದು ಅಲ್ಲಿನ ವರ್ತಕರು ಹೂಡಿದ ಉಪಾಯವದು. ವಿದ್ಯೆಗೂ ಅದಕ್ಕೂ ಆಗ ಯಾವ ಸಂಬಂಧವೂ ಇರಲಿಲ್ಲ. ವಿದ್ಯಾರ್ಥಿವೇತನ ಸೇರಿಕೊಂಡದ್ದು 24 ವರ್ಷಗಳ ನಂತರ, 1945ರಲ್ಲಿ. ಆ ವರ್ಷ ಗೆದ್ದ ಬೆಸ್ ಮೈಯರ್ಸನ್ ಎಂಬ ಪದವೀಧರೆಗೆ 5,000 ಡಾಲರ್ ದೊರೆಯಿತು. ಆಕೆ ಯಹೂದಿ ಕುಟುಂಬದವಳು. ಕಿರೀಟ ತೊಟ್ಟ ಮೇಲೂ ಆಕೆಯನ್ನು ತಮ್ಮ ಜಾಹೀರಾತುಗಳಿಗೆ ಕರೆಯಲು ಪ್ರಾಯೋಜಕರು ಹಿಂದೇಟು ಹಾಕಿದರು. ಹಣ ಕೊಡುವವನ ಕೈ ವೇದಿಕೆಯ ಮೇಲೂ ಚಾಚಿಕೊಂಡಿರುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಮುಂದೆ 1958ರಲ್ಲಿ ಅಲಬಾಮ ರಾಜ್ಯದ ಮೊಬೀಲ್ ನಗರದಲ್ಲಿ ಹೈಸ್ಕೂಲು ಮುಗಿಸುವ ಹುಡುಗಿಯರಿಗಾಗಿ ಇನ್ನೊಂದು ಸ್ಪರ್ಧೆ ಹುಟ್ಟಿತು. ಅದರಲ್ಲಿ ಓದು, ಸಂದರ್ಶನ, ಕಲೆ ಇವುಗಳಿಗೆ ಹೆಚ್ಚು ಬೆಲೆ. ಜೂನಿಯರ್ ಮಿಸ್ ಎಂಬ ಹಳೆಯ ಹೆಸರನ್ನೂ ಅದು 2010ರಲ್ಲಿ ಬಿಟ್ಟುಕೊಟ್ಟಿತು. ಮಿಸ್ ಅಮೆರಿಕ ಸಂಸ್ಥೆಯೂ 2018ರಲ್ಲಿ ಈಜುಡುಗೆಯ ಸುತ್ತನ್ನು ಕೈಬಿಟ್ಟಿತು. ಅಂದರೆ ಆ ದೇಶದವರೂ ಕೂತು ಯೋಚಿಸಿದ್ದಾರೆ, ಒಂದೊಂದಾಗಿ ತಿದ್ದಿಕೊಂಡಿದ್ದಾರೆ. ನಾವು ಎರವಲು ತರುವಾಗ ಅವರು ಬಿಟ್ಟದ್ದನ್ನೇ ಹೆಕ್ಕಿ ತರಬಾರದು.

ಇನ್ನೊಂದು ಸಂಗತಿಯೂ ಗಮನಾರ್ಹ. ತಾವು ಪ್ರತಿವರ್ಷ ನಾಲ್ಕೂವರೆ ಕೋಟಿ ಡಾಲರ್ ಮೊತ್ತದ ವಿದ್ಯಾರ್ಥಿವೇತನ ಒದಗಿಸುತ್ತೇವೆ ಎಂದು ಮಿಸ್ ಅಮೆರಿಕದವರು ಹೇಳಿಕೊಳ್ಳುತ್ತಿದ್ದರು. 2014ರಲ್ಲಿ ಅಲ್ಲಿನ ಟಿವಿ ಕಾರ್ಯಕ್ರಮವೊಂದು ಲೆಕ್ಕಪತ್ರಗಳನ್ನು ತೆರೆದು ನೋಡಿತು. ಒಂದು ಕಾಲೇಜು 'ಬಂದರೆ ವಿದ್ಯಾರ್ಥಿವೇತನ ಕೊಡುತ್ತೇವೆ' ಎಂದದ್ದನ್ನು ಸ್ಪರ್ಧಿಗಳ ತಲೆತಲೆಗೂ ಎಣಿಸಿ ಮೊತ್ತವನ್ನು ಉಬ್ಬಿಸಲಾಗಿತ್ತು. ಹುಡುಗಿಯರ ಕೈಸೇರಿದ್ದು ಅದಕ್ಕಿಂತ ಬಹಳ ಕಡಿಮೆ. ಆದರೆ ಅದೇ ಕಾರ್ಯಕ್ರಮದವರು ಇನ್ನೊಂದು ಮಾತನ್ನೂ ಹೇಳಿದರು. ಅಷ್ಟು ಕಡಿಮೆ ಮೊತ್ತವೂ ಆ ದೇಶದಲ್ಲಿ ಹೆಣ್ಣುಮಕ್ಕಳಿಗೆಂದೇ ಮೀಸಲಾದ ವಿದ್ಯಾರ್ಥಿವೇತನಗಳಲ್ಲಿ ಅತಿ ದೊಡ್ಡದು! ನಗಬೇಕೋ ಅಳಬೇಕೋ ತಿಳಿಯದು. ಹುಡುಗಿಯರು ಕಿರೀಟದ ಕಡೆಗೆ ಏಕೆ ನಡೆದು ಹೋಗುತ್ತಾರೆಂದರೆ, ಬೇರೆ ಬಾಗಿಲು ಅಷ್ಟು ಅಗಲವಾಗಿ ತೆರೆದಿರುವುದಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. 1996ರ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ರೈತ ಸಂಘದವರು, ಮಹಿಳಾ ಸಂಘಟನೆಗಳವರು, ಸಂಸ್ಕೃತಿಯ ಹೆಸರಿನಲ್ಲಿ ಬೀದಿಗಿಳಿದವರು ಎಲ್ಲರೂ ಪ್ರತಿಭಟಿಸಿದರು. ಈಜುಡುಗೆಯ ಸುತ್ತನ್ನು ದೂರದ ಸೆಶೆಲ್ಸ್ ದ್ವೀಪಗಳಲ್ಲಿ ನಡೆಸಬೇಕಾಯಿತು. ಮಧುರೈಯಲ್ಲಿ ಒಬ್ಬ ಯುವಕ ಮೈಗೆ ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟ. ಆ ದಿನಗಳಲ್ಲಿ ನಮ್ಮ ಶಾಲೆಯ ಶಿಕ್ಷಕರ ಕೊಠಡಿಯಲ್ಲಿ ದಿನವೂ ಅದೇ ಚರ್ಚೆ.

ಆಗಲೂ ನನಗೆ ಅನಿಸಿದ್ದು, ಒಂದೇ ಘೋಷಣೆಯ ಕೆಳಗೆ ಎರಡು ಬೇರೆ ಬೇರೆ ವಾದಗಳು ನಿಂತಿದ್ದವು. 'ಹೆಣ್ಣನ್ನು ಅಂಗಡಿಯ ಸರಕಿನಂತೆ ತೂಗಬೇಡಿ' ಎಂಬುದು ಒಂದು. 'ಹೆಣ್ಣು ಹೀಗೆಲ್ಲ ಜನರೆದುರು ಬರಲೇಬಾರದು' ಎಂಬುದು ಇನ್ನೊಂದು. ಮೊದಲನೆಯದನ್ನು ನಾನು ಮನಸಾರೆ ಒಪ್ಪುತ್ತೇನೆ. ಎರಡನೆಯದನ್ನು ಅಷ್ಟೇ ಖಂಡಿತವಾಗಿ ನಿರಾಕರಿಸುತ್ತೇನೆ. ಏಕೆಂದರೆ ನಾನು ಬಳ್ಳಾರಿಯವಳು.

ಬಳ್ಳಾರಿ ಎಂದರೆ ಬಳ್ಳಾರಿ ರಾಘವರ ಊರು. 1880ರಿಂದ 1946ರವರೆಗೆ ಬಾಳಿದ ಈ ಮಹಾನಟರು ವೃತ್ತಿಯಿಂದ ವಕೀಲರು. ಗಂಡಸರು ಸೀರೆಯುಟ್ಟು ದ್ರೌಪದಿಯಾಗುತ್ತಿದ್ದ ಕಾಲದಲ್ಲಿ, ಸ್ತ್ರೀಪಾತ್ರವನ್ನು ಸ್ತ್ರೀಯರೇ ಮಾಡಬೇಕು, ಗೌರವಸ್ಥ ಮನೆತನದ ಹೆಣ್ಣುಮಕ್ಕಳೂ ರಂಗಕ್ಕೆ ಬರಬೇಕು ಎಂದು ಹಟ ಹಿಡಿದು ಸಾಧಿಸಿದವರು. ನಗರದ ರಾಘವ ಕಲಾಮಂದಿರ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ. 2020ರಲ್ಲಿ ನಮ್ಮನ್ನಗಲಿದ ಸುಭದ್ರಮ್ಮ ಮನ್ಸೂರು ಅವರು ಇದೇ ಬಳ್ಳಾರಿಯ ರಂಗಭೂಮಿಯಲ್ಲಿ ಹಾಡಿ ನಟಿಸಿ ನಾಡಿಗೆ ಹೆಸರಾದರು. ಇಂಥ ಊರಿನಲ್ಲಿದ್ದುಕೊಂಡು 'ಹುಡುಗಿಯರಿಗೆ ವೇದಿಕೆ ಬೇಡ' ಎನ್ನುವ ಮಾತು ನನ್ನ ಬಾಯಲ್ಲಿ ಬಾರದು.

ವೇದಿಕೆ ಬೇಕು. ಅದರ ಪ್ರಯೋಜನವನ್ನು ನಾನು ಕಣ್ಣಾರೆ ಕಂಡಿದ್ದೇನೆ. 2005ರಿಂದ 2010ರವರೆಗೆ ಆರು ವರ್ಷ ಊರಿನ ಕೆಲವು ದಾನಿಗಳು ಸೇರಿ ಪಿಯುಸಿ ಮತ್ತು ಪದವಿ ತರಗತಿಗಳ ವಿದ್ಯಾರ್ಥಿನಿಯರಿಗಾಗಿ ಒಂದು ಪ್ರತಿಭಾ ಸ್ಪರ್ಧೆ ನಡೆಸಿದರು. ಅದರ ನಿರ್ದೇಶನದ ಹೊಣೆ ನನ್ನ ಹೆಗಲಿಗೆ ಬಿದ್ದಿತ್ತು. ಬಳ್ಳಾರಿಯಲ್ಲಿ ಒಂದು, ಸಿರುಗುಪ್ಪದಲ್ಲಿ ಒಂದು, ಕುರುಗೋಡಿನಲ್ಲಿ ಒಂದು ಹೀಗೆ ಮೂರು ಕಡೆ ಮೊದಲ ಸುತ್ತು. ಆಯ್ದವರಿಗೆ ನಗರದ ಸಭಾಂಗಣದಲ್ಲಿ ಅಂತಿಮ ಸುತ್ತು. ಕುರುಗೋಡು ಆಗಿನ್ನೂ ತಾಲ್ಲೂಕು ಕೇಂದ್ರವಾಗಿರಲಿಲ್ಲ.

ನಿರ್ದೇಶನವೆಂದರೆ ಪರದೆಯ ಹಿಂದೆ ನಿಂತು ಕೈಬೀಸುವುದೆಂದು ಕೆಲವರು ಭಾವಿಸುತ್ತಾರೆ. ನಿಜದಲ್ಲಿ ಅದು ಬಸ್ಸಿನ ವೇಳಾಪಟ್ಟಿ ಓದುವ ಕೆಲಸ! ಕುರುಗೋಡು ಬಳ್ಳಾರಿಗೆ ಸುಮಾರು 28 ಕಿಲೋಮೀಟರು, ಸಿರುಗುಪ್ಪ ಸುಮಾರು 55. ಹುಡುಗಿಯರು ಕತ್ತಲಾಗುವ ಮುನ್ನ ಮನೆ ಸೇರಬೇಕು. ಆದ್ದರಿಂದ ತಾಲೀಮು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಆರಂಭವಾಗಿ ಮಧ್ಯಾಹ್ನ ಮೂರಕ್ಕೆ ಮುಗಿಯಲೇಬೇಕಿತ್ತು. ಜೊತೆಗೆ ಬರುವ ತಾಯಿಗೋ ಅಜ್ಜಿಗೋ ಬಸ್ ಚಾರ್ಜು, ಊಟ. ಸಭಾಂಗಣದ ಶೌಚಾಲಯದ ಬಾಗಿಲಿಗೆ ಚಿಲಕವಿದೆಯೇ ಎಂದು ಮೊದಲು ನಾನೇ ಹೋಗಿ ನೋಡುತ್ತಿದ್ದೆ. ಮೈಕಿನ ಎತ್ತರ ಸರಿಪಡಿಸುವುದು, ಹಾರ್ಮೋನಿಯಂ ನುಡಿಸುವವರನ್ನು ಒಪ್ಪಿಸುವುದು, ಬಾಡಿಗೆ ಒಡವೆ ತರಬಾರದೆಂದು ತಾಯಂದಿರಿಗೆ ತಿಳಿಹೇಳುವುದು ಎಲ್ಲವೂ ನಿರ್ದೇಶನವೇ. ಮನೆಯಲ್ಲಿರುವ ಲಂಗ ದಾವಣಿಯೋ ಚೂಡಿದಾರವೋ ಕಾಲೇಜಿನ ಸಮವಸ್ತ್ರವೋ, ಯಾವುದಾದರೂ ಆದೀತು ಎಂಬುದು ನನ್ನ ಮೊದಲ ನಿಯಮ. ಸೀರೆ ಅಂಗಡಿಯೊಂದರವರು ಹೊಸ ಸೀರೆ ಕೊಡುತ್ತೇವೆ, ಹುಡುಗಿಯರು ಅದನ್ನುಟ್ಟು ವೇದಿಕೆಯ ಮೇಲೆ ನಾಲ್ಕು ಹೆಜ್ಜೆ ನಡೆಯಲಿ ಎಂದರು. 'ಸೀರೆಯ ಜಾಹೀರಾತಿಗೆ ಬೊಂಬೆಗಳಿವೆಯಲ್ಲ' ಎಂದು ನಯವಾಗಿಯೇ ಹೇಳಿ ಕಳಿಸಿದೆ.

ಆ ವೇದಿಕೆಯ ಮೇಲೆ ಏನೇನು ಕೇಳಿಸಿತು! ಅಜ್ಜಿಯಿಂದ ಕಲಿತ ಬೀಸುವ ಪದಗಳು, ಉರ್ದು ಕವನಗಳು, ತೆಲುಗು ಪದ್ಯಗಳು, ತುಂಗಭದ್ರೆಯ ಕಾಲುವೆಯ ಕೊನೆಯ ಹೊಲಕ್ಕೆ ನೀರು ಏಕೆ ಬರುವುದಿಲ್ಲ ಎಂಬ ಬಗ್ಗೆ ಐದು ನಿಮಿಷದ ಭಾಷಣ. ಮೊದಲ ತಾಲೀಮಿನಲ್ಲಿ ತನ್ನ ಹೆಸರು ಹೇಳಲೂ ತಡವರಿಸುತ್ತಿದ್ದ ಒಬ್ಬ ಹುಡುಗಿ ಇಂದು ಗ್ರಾಮ ಪಂಚಾಯಿತಿಯೊಂದರ ಅಧಿಕಾರಿ. 'ಗ್ರಾಮಸಭೆಯಲ್ಲಿ ಗಂಡಸರೆಲ್ಲ ಒಟ್ಟಿಗೆ ಕೂಗಾಡುವಾಗ ಮೈಕು ಹಿಡಿದ ಕೈ ನಡುಗೋದಿಲ್ಲ ಟೀಚರ್' ಎನ್ನುತ್ತಾಳೆ. ಅವಳಿಗೆ ಆ ವರ್ಷ ಯಾವ ಬಹುಮಾನವೂ ಬಂದಿರಲಿಲ್ಲ. ಬಹುಮಾನ ಬಾರದವಳಿಗೂ ವೇದಿಕೆ ಏನನ್ನೋ ಕೊಡುತ್ತದೆ. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿ ಕ್ಲಸ್ಟರ್ ಮಟ್ಟದಿಂದ ರಾಜ್ಯ ಮಟ್ಟದವರೆಗೆ ನಡೆಯುವುದೂ ಇದೇ ನಂಬಿಕೆಯ ಮೇಲೆ.

ಹಾಗಾದರೆ ತಕರಾರು ಯಾವುದಕ್ಕೆ? ಹಣ ಹಂಚಿದ ರೀತಿಗೆ. ಮೊದಲ ಮೂರು ವರ್ಷ ದಾನಿಗಳು ಇಟ್ಟ ನಿಯಮ, ಪ್ರಥಮ ಬಹುಮಾನ ಪಡೆದವಳಿಗೇ ವಿದ್ಯಾರ್ಥಿವೇತನ ಎಂದು. ಮೊದಲ ಸಭೆಯಲ್ಲೇ ನಾನು ಇದನ್ನು ವಿರೋಧಿಸಿದ್ದೆ. 'ಸ್ಪರ್ಧೆ ಎಂದ ಮೇಲೆ ಗೆದ್ದವರಿಗೆ ತಾನೆ ಕೊಡುವುದು' ಎಂದು ಅವರು ಮುಂದುವರಿದರು. ಏನಾಯಿತು ಕೇಳಿ.

ಮೊದಲನೆಯದಾಗಿ, ಹಣ ಬೇಕಾದವಳಿಗೆ ಹೋಗಲಿಲ್ಲ. ಆರು ವರ್ಷ ಸಂಗೀತದ ಪಾಠ ಹೇಳಿಸಿಕೊಂಡ ಹುಡುಗಿ, ಹೊಲದ ಬದುವಿನಲ್ಲಿ ಹಾಡಿಕೊಂಡ ಹುಡುಗಿಗಿಂತ ಶ್ರುತಿಬದ್ಧವಾಗಿ ಹಾಡುವುದು ಸಹಜ. ತೀರ್ಪುಗಾರರ ತಪ್ಪೇನೂ ಇಲ್ಲ, ಅವರು ಹಾಡನ್ನು ಕೇಳಿದರು. ಒಂದು ವರ್ಷ ಪ್ರಥಮ ಬಹುಮಾನದ ಹತ್ತು ಸಾವಿರ ರೂಪಾಯಿ ಸೇರಿದ್ದು, ಮನೆಯ ಮುಂದೆ ಕಾರು ನಿಲ್ಲುತ್ತಿದ್ದ ಹುಡುಗಿಗೆ. ಅವಳಿಗೂ ಸಂತೋಷವಾಯಿತು, ಆದರೆ ಆ ಹಣವಿಲ್ಲದೆಯೂ ಅವಳು ಓದುತ್ತಿದ್ದಳು.

ಎರಡನೆಯದಾಗಿ, ಬೇಕಾದವಳು ವೇದಿಕೆಗೆ ಬರಲೇ ಆಗಲಿಲ್ಲ. ಅಂತಿಮ ಸುತ್ತು ನಡೆಯುತ್ತಿದ್ದುದು ಜನವರಿಯಲ್ಲಿ. ಕುರುಗೋಡು, ಸಿರುಗುಪ್ಪಗಳ ಕಡೆ ಅದು ಮೆಣಸಿನಕಾಯಿ ಬಿಡಿಸುವ ಕಾಲ. ಕುರುಗೋಡಿನ ಸುತ್ತಿನಲ್ಲಿ ಎಲ್ಲರನ್ನೂ ಮೂಕರನ್ನಾಗಿಸಿದ್ದ ಹುಡುಗಿಯೊಬ್ಬಳು ತಾಲೀಮಿಗೆ ಬರಲಿಲ್ಲವೆಂದು ಅವಳ ಮನೆಗೆ ಹೋದೆ. ಅವಳ ತಾಯಿ, 'ಏನ್ ಮಾಡಾದು ಮೇಡಮ್ಮಾರೆ, ನಾವ್ ಮೂರು ಮಂದಿ ಹೋದ್ರೆ ಮೂರು ಕೂಲಿ. ಈಗ ಬಿಟ್ರೆ ವರ್ಷ ಪೂರ್ತಿ ಈ ಕೂಲಿ ಸಿಗಾದಿಲ್ಲ' ಎಂದರು. ಆ ತಾಯಿಯ ಲೆಕ್ಕದಲ್ಲಿ ಯಾವ ತಪ್ಪೂ ಇರಲಿಲ್ಲ. ಸಿಗಬಹುದಾದ ಹತ್ತು ಸಾವಿರಕ್ಕಾಗಿ, ಸಿಕ್ಕೇ ಸಿಗುವ ಕೂಲಿಯನ್ನು ಯಾವ ಬಡವರೂ ಬಿಡರು. ಆ ಹುಡುಗಿ ದ್ವಿತೀಯ ಪಿಯುಸಿಗೆ ದಾಖಲಾಗಲಿಲ್ಲ. ಅವಳ ವರ್ಷದ ಖರ್ಚಿಗೆ ಬೇಕಾಗಿದ್ದುದು ಎರಡು ಸಾವಿರಕ್ಕಿಂತ ಕಡಿಮೆ.

ಮೂರನೆಯದು, ಕೊಡುವಾಗ ನಡೆಯುವ ಸಂಭ್ರಮ. ದೊಡ್ಡ ರಟ್ಟಿನ ಮೇಲೆ ಬರೆಸಿದ ಚೆಕ್ಕು, ಎರಡೂ ಕಡೆ ದಾನಿಗಳು, ನಡುವೆ ಹುಡುಗಿ. ನಿರೂಪಕರು ಧ್ವನಿವರ್ಧಕದಲ್ಲಿ 'ಕಡುಬಡತನದಲ್ಲಿ ಅರಳಿದ ಪ್ರತಿಭೆ' ಎಂದು ಸಾರುತ್ತಿದ್ದರೆ, ಮೂರನೆಯ ಸಾಲಿನಲ್ಲಿ ಕುಳಿತ ಅವಳ ತಂದೆ ತಲೆ ತಗ್ಗಿಸಿದ್ದನ್ನು ನಾನು ಪರದೆಯ ಮರೆಯಿಂದ ನೋಡಿದೆ. ಸಿರುಗುಪ್ಪದ ಮುಸ್ಲಿಂ ಹುಡುಗಿಯೊಬ್ಬಳ ತಂದೆ ಭಾಷಣಕ್ಕೆ ಸಂತೋಷದಿಂದ ಒಪ್ಪಿದ್ದರು, ಪತ್ರಿಕೆಯಲ್ಲಿ ಫೋಟೋ ಬೇಡವೆಂದಷ್ಟೇ ಅವರ ಕೋರಿಕೆ. ಫೋಟೋ ಇಲ್ಲದೆ ಹಣವಿಲ್ಲ ಎಂದು ದಾನಿಗಳ ಪೈಕಿ ಒಬ್ಬರು ಪಟ್ಟು ಹಿಡಿದರು. ಆ ವರ್ಷ ಅವಳು ಬರಲಿಲ್ಲ.

2008ರಲ್ಲಿ, ಬಹಳ ಮಾತುಕತೆಯ ನಂತರ, ನನ್ನ ಸಲಹೆಗೆ ದಾನಿಗಳು ಒಪ್ಪಿದರು. ವೇದಿಕೆಯನ್ನೂ ಹಣವನ್ನೂ ಬೇರೆ ಮಾಡಿದೆವು. ಸ್ಪರ್ಧೆಯನ್ನು ದಸರೆಯ ಆಸುಪಾಸಿಗೆ ತಂದೆವು. ಗೆದ್ದವರಿಗೆ ಒಂದು ಶಾಲು, ಪುಸ್ತಕಗಳ ಒಂದು ಕಟ್ಟು, ಫಲತಾಂಬೂಲ. ಭಾಗವಹಿಸಿದ ಎಲ್ಲರಿಗೂ ಒಂದೊಂದು ಪುಸ್ತಕ. ವಿದ್ಯಾರ್ಥಿವೇತನದ ಆಯ್ಕೆ ಜೂನ್ ತಿಂಗಳಲ್ಲೇ, ಕಾಲೇಜುಗಳ ಅಧ್ಯಾಪಕರ ಶಿಫಾರಸು ಮತ್ತು ಮನೆ ಭೇಟಿಯ ಆಧಾರದ ಮೇಲೆ. ಅವರು ಹಾಡಬೇಕಿಲ್ಲ, ಕುಣಿಯಬೇಕಿಲ್ಲ. ಹಣ ಹುಡುಗಿಯ ಹೆಸರಿನ ಖಾತೆಗೆ, ವರ್ಷಕ್ಕೆ ಎರಡು ಕಂತು, ಒಂದು ದಾಖಲಾತಿಗೆ, ಇನ್ನೊಂದು ಪರೀಕ್ಷಾ ಶುಲ್ಕಕ್ಕೆ. ಹೆಸರು ಸಾರುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬಳನ್ನು ಆಯ್ದ ದಿನವೇ ಅವಳ ಮೂರು ವರ್ಷದ ಹಣವನ್ನೂ ಠೇವಣಿ ಇಡಬೇಕು.

ಈ ಕೊನೆಯ ನಿಯಮದ ಬೆಲೆ 2011ರಲ್ಲಿ ತಿಳಿಯಿತು. ಆ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಅದು ಆಗಬೇಕಾದ ಕ್ರಮವೇ. ಆದರೆ ಅದಿರಿನ ಲಾರಿಗಳನ್ನು ನೆಚ್ಚಿಕೊಂಡಿದ್ದ ದಾನಿಗಳ ವ್ಯವಹಾರ ಒಮ್ಮೆಗೇ ನಿಂತಿತು. ಸ್ಪರ್ಧೆಯೂ ನಿಂತಿತು. ಹಾರ ತುರಾಯಿಗಳು ನಿಂತರೆ ಯಾರಿಗೂ ನಷ್ಟವಿಲ್ಲ. ಓದಿನ ಹಣ ಅಂದು ನಿಂತಿದ್ದರೆ ಆಗಷ್ಟೇ ಕಾಲೇಜು ಸೇರಿದ್ದ ಹುಡುಗಿಯರ ಗತಿಯೇನು? ಠೇವಣಿ ಇದ್ದುದರಿಂದ, 2011ರ ಜೂನ್‌ನಲ್ಲಿ ಆಯ್ಕೆಯಾದವರಿಗೂ 2014ರವರೆಗೆ ಕಂತುಗಳು ತಪ್ಪದೆ ಬಂದವು. ದಾನಿಗಳ ಕಷ್ಟಕಾಲ ಆ ಮಕ್ಕಳ ಕಷ್ಟಕಾಲವಾಗಲಿಲ್ಲ.

ನನ್ನ ಮಾತಿಗೆ ಬರಬಹುದಾದ ಆಕ್ಷೇಪಣೆಗಳನ್ನೂ ನೋಡೋಣ.

'ವೇದಿಕೆ ಇಲ್ಲದಿದ್ದರೆ ಯಾರೂ ಹಣ ಕೊಡುವುದಿಲ್ಲ ಟೀಚರ್' ಎನ್ನುವಿರಿ. ಇರಬಹುದು. ದಾನಿಗಳಿಗೂ ಸಂತೋಷಪಡುವ ಹಕ್ಕಿದೆ. ಅವರನ್ನು ಮೊದಲ ಸಾಲಿನಲ್ಲಿ ಕೂರಿಸೋಣ, ಶಾಲು ಹೊದಿಸೋಣ, ಅವರ ಹೆಸರನ್ನು ಆಮಂತ್ರಣದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸೋಣ. ಆದರೆ ಯಾವ ಹುಡುಗಿ ಓದಬೇಕು ಎಂಬುದನ್ನು ಅವರ ಕಣ್ಣಿನ ಮೆಚ್ಚುಗೆಗೆ ಬಿಡುವುದು ಬೇಡ.

'ಪ್ರತಿಭೆಗೆ ಬೆಲೆ ಬೇಡವೇ?' ಎನ್ನುವಿರಿ. ಬೇಕು. ಆದರೆ ಒಂದು ಸಂಜೆಯ ಹತ್ತು ನಿಮಿಷದಲ್ಲಿ ಕಾಣುವ ಪ್ರತಿಭೆ ಒಂದು ಬಗೆಯದು. ಬೆಳಿಗ್ಗೆ ನಾಲ್ಕಕ್ಕೆದ್ದು ಮನೆಗೆಲಸ ಮುಗಿಸಿ, ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವ ಕೂಲಿ ಮಾಡಿ, ಆಮೇಲೆ ಕಾಲೇಜಿಗೆ ಬಂದು ಐವತ್ತೈದು ಅಂಕ ತೆಗೆಯುವುದೂ ಪ್ರತಿಭೆಯೇ. ಇದನ್ನು ಅಳೆಯುವ ತೀರ್ಪುಗಾರರು ಇನ್ನೂ ಹುಟ್ಟಿಲ್ಲ.

'ಈಗ ಸರ್ಕಾರವೇ ಎಲ್ಲ ಕೊಡುತ್ತದಲ್ಲ' ಎನ್ನುವವರೂ ಇದ್ದಾರೆ. ಕೊಡುತ್ತದೆ, ಸಂತೋಷ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಸಿರುಗುಪ್ಪದಿಂದ ಬಳ್ಳಾರಿಗೆ ಬರುವ ಹುಡುಗಿಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಹಾಸ್ಟೆಲಿನಲ್ಲಿ ಸ್ಥಾನ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ವಿದ್ಯಾಸಿರಿಯಡಿ ಹತ್ತು ತಿಂಗಳು ನೆರವು ಇದೆ. ಸರ್ಕಾರಿ ಶಾಲೆ ಕಾಲೇಜುಗಳಲ್ಲಿ ಹತ್ತನೆಯ ತರಗತಿ, ಪಿಯುಸಿ ಮುಗಿಸಿ ಉನ್ನತ ಶಿಕ್ಷಣಕ್ಕೆ ಸೇರುವ ಹುಡುಗಿಯರಿಗೆ ವರ್ಷಕ್ಕೆ 30,000 ರೂಪಾಯಿ ಕೊಡುವ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ 2025ರಲ್ಲಿ ಕರ್ನಾಟಕಕ್ಕೂ ಬಂದಿದೆ. ಗಮನಿಸಿ, ಇವಾವುದಕ್ಕೂ ಯಾವ ಹುಡುಗಿಯೂ ವೇದಿಕೆ ಹತ್ತಬೇಕಿಲ್ಲ. ಇವುಗಳ ನಡುವೆ ಉಳಿಯುವ ಸಂದಿನಲ್ಲೇ ನಮ್ಮಂಥವರ ಕೆಲಸ. ಅರ್ಜಿ ಹಾಕಿ, ಆಧಾರ್ ಜೋಡಿಸಿ, ಮಂಜೂರಾಗಿ, ಹಣ ಖಾತೆಗೆ ಬರುವ ಹೊತ್ತಿಗೆ ದಾಖಲಾತಿಯ ಕೊನೆಯ ದಿನ ಕಳೆದಿರುತ್ತದೆ. ಅಪ್ಪ ಅಮ್ಮ ಗುಳೇ ಹೋದ ಮನೆಯ ಹುಡುಗಿಗೆ ಆದಾಯ ಪ್ರಮಾಣಪತ್ರ ಮಾಡಿಸಿಕೊಡುವವರಿರುವುದಿಲ್ಲ. ಪ್ರಥಮ ಪಿಯುಸಿಯ ಹುಡುಗಿ ಪದವಿಯ ವಿದ್ಯಾರ್ಥಿವೇತನದ ವ್ಯಾಪ್ತಿಗೇ ಬರುವುದಿಲ್ಲ. ಓದು ನಿಲ್ಲುವುದು ಇಂಥ ಸಣ್ಣ ಸಣ್ಣ ಸಂದುಗಳಲ್ಲಿ. ಓದು ನಿಂತ ಮನೆಯಲ್ಲಿ ಮದುವೆಯ ಮಾತು ಆರಂಭವಾಗಲು ತಡವಾಗದು. ಹದಿನೆಂಟು ತುಂಬುವವರೆಗೆ ಕಾನೂನು ಕಾಯುತ್ತದೆ. ಆಮೇಲೆ ಅವಳನ್ನು ಕಾಯುವುದು ಕಾಲೇಜಿನ ಹಾಜರಿ ಪುಸ್ತಕವೊಂದೇ.

ಈಗ ಲೆಕ್ಕಕ್ಕೆ ಬರೋಣ. ಮೇಷ್ಟ್ರುಗಳಿಗೆ ಲೆಕ್ಕವಿಲ್ಲದೆ ಸಮಾಧಾನವಿಲ್ಲ. ನಿಮ್ಮ ಬಳಿ ಮೂರು ಲಕ್ಷ ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಕಿರೀಟದ ಮಾದರಿಯಲ್ಲಿ ಹಂಚಿದರೆ ಪ್ರಥಮ ಒಂದೂವರೆ ಲಕ್ಷ, ದ್ವಿತೀಯ ಒಂದು ಲಕ್ಷ, ತೃತೀಯ ಐವತ್ತು ಸಾವಿರ. ಮೂವರಿಗೆ ಸಂತೋಷ, ಒಂದು ಸಂಜೆಗೆ ಚಪ್ಪಾಳೆ. ಅದೇ ಮೂರು ಲಕ್ಷವನ್ನು ಹತ್ತು ಹುಡುಗಿಯರಿಗೆ ವರ್ಷಕ್ಕೆ ಹತ್ತು ಸಾವಿರದಂತೆ ಮೂರು ವರ್ಷ ಕೊಡಬಹುದು. ಚಪ್ಪಾಳೆ ಇಲ್ಲ, ಆದರೆ ಹತ್ತು ಪದವಿಗಳ ದಾರಿ ತೆರೆಯುತ್ತದೆ. ಶಾಮಿಯಾನ, ದೀಪ, ಧ್ವನಿವರ್ಧಕಗಳ ಖರ್ಚನ್ನು ನಾನಿನ್ನೂ ಇದರಲ್ಲಿ ಸೇರಿಸಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಸ್ಪರ್ಧೆ ನಡೆಸುವುದಾದರೆ ನಿರ್ದೇಶನಕ್ಕೆ ನಾನು ಸಿದ್ಧಳಿದ್ದೇನೆ. ವಯಸ್ಸಾಯಿತು ನಿಜ, ಆದರೆ ಮೈಕಿನ ಎತ್ತರ ಸರಿಪಡಿಸುವ ಶಕ್ತಿ ಇನ್ನೂ ಇದೆ! ನನ್ನ ಷರತ್ತುಗಳು ಕೆಲವೇ. ಸೌಂದರ್ಯಕ್ಕೆ ಅಂಕವಿಲ್ಲ, ನಡಿಗೆಯ ಸುತ್ತಿಲ್ಲ, ಕಿರೀಟವಿಲ್ಲ. ಕನ್ನಡ, ಉರ್ದು, ತೆಲುಗು, ಲಂಬಾಣಿ ಯಾವ ಭಾಷೆಯಲ್ಲಾದರೂ ಹಾಡಬಹುದು, ಮಾತಾಡಬಹುದು. ಮುಖ ಮುಚ್ಚಿಕೊಂಡು ಮಾತಾಡುತ್ತೇನೆ ಎಂದರೂ ಸರಿ, ಮಾತು ಕೇಳಿಸಿದರೆ ಸಾಕು. ಹುಡುಗಿಯ ಒಪ್ಪಿಗೆಯಿಲ್ಲದೆ ಫೋಟೋ ತೆಗೆಯುವಂತಿಲ್ಲ, ಮೊಬೈಲಿನಲ್ಲಿ ಹರಡುವಂತಿಲ್ಲ. 2005ರಲ್ಲಿ ಫೋಟೋ ಎಂದರೆ ಮರುದಿನದ ಪತ್ರಿಕೆಯ ಒಂದು ಮೂಲೆ ಮಾತ್ರ. ಈಗ ಅದು ಎಷ್ಟು ಜನರ ಕೈಗೆ, ಎಂಥವರ ಕೈಗೆ ಹೋಗುತ್ತದೆಂದು ಹೇಳಬರುವಂತಿಲ್ಲ. ಕುರುಗೋಡು, ಸಿರುಗುಪ್ಪದ ಮಕ್ಕಳಿಗಾಗಿ ಅಂತಿಮ ಸುತ್ತು ಹಗಲಿನಲ್ಲೇ ಮುಗಿಯಬೇಕು. ಓದಿನ ಹಣದ ಆಯ್ಕೆ ಬೇರೆ ಸಮಿತಿಯದು. ಆ ಸಮಿತಿಯಲ್ಲಿ ಹಣ ಕೊಟ್ಟವರೂ ಇರಕೂಡದು, ನಿರ್ದೇಶಕಿಯಾದ ನಾನೂ ಇರಕೂಡದು. ಹಾಡಿದವಳು ಬಡವಳಾಗಿದ್ದರೆ ಅವಳೂ ಅರ್ಜಿ ಹಾಕಲಿ, ಆದರೆ ಹಾಡಿದ್ದಕ್ಕಾಗಿ ಅಲ್ಲ.

ಈ ಷರತ್ತುಗಳಿಂದ ಸ್ಪರ್ಧೆಯ ಆಕರ್ಷಣೆ ಕುಗ್ಗುತ್ತದೆ ಎಂದು ಕೆಲವರಿಗೆ ಅನಿಸಬಹುದು. ನನಗೆ ಹಾಗೆನಿಸುವುದಿಲ್ಲ. ಸೋತರೆ ಓದು ನಿಲ್ಲುತ್ತದೆ ಎಂಬ ಭಯ ಎದೆಯಲ್ಲಿಟ್ಟುಕೊಂಡು ಯಾವ ಹುಡುಗಿಯೂ ಚೆನ್ನಾಗಿ ಹಾಡಲಾರಳು. ಆ ಭಯವನ್ನು ಜೂನ್ ತಿಂಗಳಲ್ಲೇ ಕಳೆದರೆ, ಅಕ್ಟೋಬರಿನಲ್ಲಿ ಅವಳು ಹಾಡುವುದು ಹಾಡಿನ ಸಂತೋಷಕ್ಕೆ ಮಾತ್ರ. ಅಂಥ ಹಾಡು ಕೇಳಲು ಬಳ್ಳಾರಿಯ ರಸಿಕರು ಟಿಕೆಟ್ಟು ಕೊಂಡಾದರೂ ಬರುತ್ತಾರೆ.

ನಿಮ್ಮಲ್ಲಿ ಹಲವರು ಈಗ ಕಾಲೇಜುಗಳಲ್ಲಿ, ಬ್ಯಾಂಕುಗಳಲ್ಲಿ, ಪಂಚಾಯಿತಿಗಳಲ್ಲಿ ಕೆಲಸದಲ್ಲಿದ್ದೀರಿ. ಬರುವ ಜೂನ್‌ನಲ್ಲಿ ದಾಖಲಾತಿಯ ಹೊತ್ತಿಗೆ ನಿಮ್ಮ ಕಣ್ಣಿಗೆ ಬೀಳುವ, ಶುಲ್ಕ ಕಟ್ಟಲಾಗದೆ ಕಿಟಕಿಯ ಬಳಿಯಿಂದ ಹಿಂದಿರುಗುವ ಹುಡುಗಿಯರ ಬಗ್ಗೆ ನನಗೆ ತಿಳಿಸಿ. ಹೆಸರು ಗುಟ್ಟಾಗಿರುತ್ತದೆ. ನನ್ನ ಅಭಿಪ್ರಾಯವನ್ನು ಒಪ್ಪದವರೂ ಸಂಕೋಚವಿಲ್ಲದೆ ಬರೆಯಿರಿ. ತರಗತಿಯಲ್ಲಿ ಎದುರು ಪ್ರಶ್ನೆ ಕೇಳಿದವರನ್ನು ನಾನು ಎಂದೂ ಹೊರಗೆ ನಿಲ್ಲಿಸಿದವಳಲ್ಲ.